ಅರಿವೆ ಒಗೆಯುವ ಕಲ್ಲು

ಚಿತ್ತಿ ಮಳೆ ಮೂರು ದಿನ ಬಿಟ್ಟೂಬಿಡದೆ ಹೊಡೆದು ನಿಂತ ಮರುದಿನ ಬೆಳಗಿನ ಆರಕ್ಕೆ ಫೋನ್ ಬಂತು. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರದು. “ಅಕ್ಕಾರ, ಸಮಾಧಿ ಗ್ವಾಡಿ ಕುಂತೈತ್ರೀ.”

ನಮ್ಮ ಕಡೆ ಗೋಡೆ ಬೀಳುವುದಕ್ಕಿಂತ ಕೂರುವುದೇ ಹೆಚ್ಚು. ಎರೆ ಮಣ್ಣಿನ ಊರುಗಳ ಮಾತಿದು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ನೆಲ, ಮಳೆ ಕುಡಿದರೆ ನಾದಿಟ್ಟ ಹಿಟ್ಟಿನ ಹಾಗೆ ಉಬ್ಬುತ್ತದೆ. ವರ್ಷವರ್ಷ ಉಬ್ಬಿ, ಕುಗ್ಗಿ, ಮೇಲಿದ್ದದ್ದನ್ನು ಎತ್ತಿ ಎತ್ತಿ ಇಳಿಸಿ ಒಂದು ದಿನ ಕೈಬಿಡುತ್ತದೆ. ಹೋಗಿ ನೋಡಿದರೆ ಸಭೆಯ ಸಮಾಧಿ ಜಾಗದ ಮೂಡಣ ದಿಕ್ಕಿನ ಗೋಡೆ ಸುಮಾರು 60 ಅಡಿ ಒಳಕ್ಕೆ ವಾಲಿ ಮಲಗಿತ್ತು. ಎರಡು ಕಲ್ಲು ಉರುಳಿ ಬಂದು ನನ್ನವ್ವನ ಸಮಾಧಿಯ ಕಾಲುಕಡೆ ನಿಂತಿದ್ದವು. ಅಷ್ಟರಲ್ಲೇ ಯಾರದೋ ಆಡು ಒಳಗೆ ಬಂದು ಹೂವಿನ ಗಿಡ ಮೇಯುತ್ತಿತ್ತು.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮನೆಮನೆಯವರ ಗುರುತು ಸಿಕ್ಕಿಬಿಡುತ್ತದೆ. ಗದಗಿನಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು ಎಂದರೆ ಸಾಕು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆ ಮಾಡಿದರಲ್ಲ, ಆ ಬೇರಿನ ಸಣ್ಣದೊಂದು ಎಳೆ ನಮ್ಮ ಸಭೆ. ಈಗ 38 ಮನೆ. ಅರ್ಧದಷ್ಟು ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ. ಉಳಿದವರು ನನ್ನಂಥವರು: ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತಿಯಾದ, ಮಂಡಿನೋವಿನ, ಎಲ್ಲದಕ್ಕೂ ಮುಂದೆ ಹೋಗುವ ಚಟದ ಹೆಂಗಸರು.

ಚಟ ಎಂದದ್ದು ಸುಮ್ಮನೆ ಅಲ್ಲ. ಆ ರವಿವಾರ ಆರಾಧನೆ ಮುಗಿದು ಸಭೆಯ ಪಾದ್ರಿ ಅಯ್ಯನವರು ಗೋಡೆಯ ಸುದ್ದಿ ಎತ್ತಿದ್ದೇ ತಡ, ನಾನು ಎದ್ದು ನಿಂತೆ. “ದೇವರು ಈ ಕೆಲಸಾ ನನ್ನ ಮನಸಿನ್ಯಾಗ ಹಾಕ್ಯಾನ. ನಾ ನಿಂತು ಕಟ್ಟಸ್ತೇನಿ.” ಹೆಂಗಸರ ಸಾಲಿನಿಂದ “ಸ್ತೋತ್ರ” ಎಂದರು. ಅಯ್ಯನವರ ಕಣ್ಣು ತುಂಬಿತು. ನನಗೂ ಎದೆ ತುಂಬಿತ್ತು. ಈಗ ನೆನೆದರೆ ನಾಚಿಕೆ ಬರುವುದು ಅದಕ್ಕೇ. ದೇವರು ಹಾಕಿದ್ದೋ, ಮೂವತ್ತು ವರ್ಷ ಕ್ಲಾಸಿನ ಮುಂದೆ ನಿಂತ ರೂಢಿ ಎಬ್ಬಿಸಿದ್ದೋ ಎಂದು ನಾನು ಒಂದು ರಾತ್ರಿಯೂ ಕೂತು ಕೇಳಿರಲಿಲ್ಲ.

ಪ್ರಾರ್ಥನೆ ಮಾಡಲಿಲ್ಲವೇ? ಮಾಡಿದೆ. ಗೌಂಡಿಯನ್ನು ಗೊತ್ತುಮಾಡಿ, ಎರಡು ಟ್ರೇಲರ್ ಉಸುಕು ಇಳಿಸಿಕೊಂಡು, ಸಿಮೆಂಟಿನ ಚೀಲ ಎಣಿಸಿಟ್ಟ ಮೇಲೆ ಮಾಡಿದೆ. “ಅಪ್ಪಾ, ಆಶೀರ್ವಾದ ಮಾಡು” ಅಂದೆ. ಶಾಲೆಯಲ್ಲಿ ಹಾಜರಿ ಪುಸ್ತಕ ಪೂರ್ತಿ ತುಂಬಿ ಸಹಿಗೆ ಹೆಡ್ ಮಾಸ್ತರರ ಮುಂದೆ ಹಿಡಿಯುತ್ತಿದ್ದೆವಲ್ಲ, ಹಾಗೆ. ಅವರು ಓದುತ್ತಿರಲಿಲ್ಲ, ಸಹಿ ಹಾಕುತ್ತಿದ್ದರು. ದೇವರು ಹೆಡ್ ಮಾಸ್ತರರಲ್ಲ.

ಗೌಂಡಿ “ಪಾಯಾ ಒಮ್ಮೆ ತೆಗದು ನೋಡೂಣೇನ್ರಿ?” ಎಂದು ಕೇಳಿದ್ದ. ನಾನೇ ಬೇಡ ಅಂದೆ. ಕ್ರಿಸ್‌ಮಸ್ಸಿನೊಳಗೆ ಮುಗಿಯಬೇಕಿತ್ತು. ಹಳೆಯ ಪಾಯದ ಮೇಲೆಯೇ 20 ಅಡಿ ಎಬ್ಬಿಸಿದೆವು. ನವೆಂಬರ್ ಕೊನೆಗೆ ಯಾರೂ ಕರೆಯದ ಮಳೆಯೊಂದು ಬಂತು. ಕಟ್ಟಿದ್ದು ಹೊಟ್ಟೆ ಮುಂದೆ ಮಾಡಿ ನಿಂತಿತು. ಮೂರನೆಯ ದಿನ ನಾವೇ ಕೆಡವಿದೆವು, ಇಲ್ಲದಿದ್ದರೆ ಮಕ್ಕಳ ಮೇಲೆ ಬೀಳುತ್ತಿತ್ತು. ಸಭೆಯ ದುಡ್ಡು 38,000 ರೂಪಾಯಿ ಮಣ್ಣುಪಾಲು. ಮುಂದಿನ ರವಿವಾರ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

*

ನಮ್ಮ ಓಣಿಯ ದೊಡ್ಡವ್ವನ ವಯಸ್ಸು ಆಕೆಗೂ ಗೊತ್ತಿಲ್ಲ. ಎಂಬತ್ತು ದಾಟಿರಬೇಕು. ಓದು ಬರದು. ಗುರುವಾರ ಸಂಜೆ ಆಕೆಯ ಪಡಸಾಲೆಯಲ್ಲಿ ನಾಲ್ಕು ಹೆಂಗಸರು ಪ್ರಾರ್ಥನೆಗೆ ಸೇರುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಸಭೆಯ ಕಮಿಟಿಯಲ್ಲಿದ್ದವಳು, ವಾಕ್ಯ ಓದಿ ಅರ್ಥ ಹೇಳುವವಳು, ಶೇಂಗಾ ಸುಲಿಯುತ್ತ ಪ್ರಾರ್ಥನೆ ಮಾಡುವವರ ನಡುವೆ ಏನು ಕೂರುವುದು ಎಂಬ ಒಳಗಿನ ಬಿಂಕ. ಹೌದು, ಆಕೆ ಶೇಂಗಾ ಸುಲಿಯುತ್ತಲೇ ಪ್ರಾರ್ಥನೆ ಮಾಡುತ್ತಿದ್ದಳು. ಮೊರದ ತುಂಬ ಕಾಯಿ, ಹೆಬ್ಬೆರಳಿಗೆ ಸಿಕ್ಕ ಕಾಯಿ ಪಟ್ಟೆಂದು ಒಡೆಯುವ ಸದ್ದು, ನಡುನಡುವೆ ಒಂದು ಮಾತು, ಮತ್ತೆ ಬಹಳ ಹೊತ್ತು ಸದ್ದಿಲ್ಲ. “ಕೈ ಖಾಲಿ ಇದ್ರ ಮನಸು ಊರು ತಿರಗಾಕ ಹೋಕ್ಕೈತವ್ವ” ಎನ್ನುತ್ತಿದ್ದಳು.

ಗೋಡೆ ಕೆಡವಿದ ವಾರ ಹೋದೆ. ಆಕೆ ಸಮಾಧಾನ ಹೇಳಲಿಲ್ಲ. ಮೊರ ನನ್ನ ಕಡೆ ಸರಿಸಿ, “ನೆಹೆಮೀಯನ್ದು ಓದು” ಅಂದಳು. ಓದಿದೆ. ಚಿಕ್ಕಂದಿನಿಂದ ಭಾನುವಾರದ ಶಾಲೆಯಲ್ಲಿ ಕೇಳಿದ, ಮಕ್ಕಳಿಗೆ ನಾನೇ ಹೇಳಿಕೊಟ್ಟ ಕಥೆ. ಬೈಬಲಿನ ನೆಹೆಮೀಯ ನಿಂತು ಕಟ್ಟಿಸಿದ ಯೆರೂಸಲೇಮಿನ ಗೋಡೆ 52 ದಿನದಲ್ಲಿ ಎದ್ದ ಕಥೆ. 52 ದಿನ ಎಂಬುದೇ ನನ್ನ ತಲೆಯಲ್ಲಿದ್ದದ್ದು. ಆ ಸಂಜೆ ದೊಡ್ಡವ್ವ ನಡುವೆ ತಡೆದು ಕೇಳಿದಳು: “ಸುದ್ದಿ ಯಾವಾಗ ಬಂತಂತ? ರಾಜನ್ನ ಯಾವಾಗ ಕೇಳಿದಾ?”

ಗೋಡೆ ಬಿದ್ದ ಸುದ್ದಿ ನೆಹೆಮೀಯನಿಗೆ ಬಂದದ್ದು ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ. ನಮ್ಮ ಲೆಕ್ಕಕ್ಕೆ ನವೆಂಬರ್–ಡಿಸೆಂಬರ್. ಗೋಡೆ ಕಟ್ಟಲು ಅಪ್ಪಣೆ ಬೇಡಿ ಪಾರಸಿಯ ಅರ್ತಷಸ್ತ ರಾಜನ ಮುಂದೆ ಬಾಯಿ ತೆರೆದದ್ದು ನೀಸಾನ್ ತಿಂಗಳಲ್ಲಿ, ಮಾರ್ಚ್–ಏಪ್ರಿಲ್. ಗೋಡೆಗೆ ಎರಡು ತಿಂಗಳೂ ಹಿಡಿಯಲಿಲ್ಲ, ಪ್ರಾರ್ಥನೆಗೆ ನಾಲ್ಕು ತಿಂಗಳು ಹಿಡಿಯಿತು. ಈ ಲೆಕ್ಕ ನಾನು ಒಮ್ಮೆಯೂ ಹಾಕಿರಲಿಲ್ಲ.

ಆ ನಾಲ್ಕು ತಿಂಗಳು ಆತ ಮಾಡಿದ್ದೇನು? ಅತ್ತ, ಉಪವಾಸ ಮಾಡಿದ, ಪ್ರಾರ್ಥಿಸಿದ ಎಂದಷ್ಟೇ ಇದೆ. ಆದರೆ ರಾಜ “ಏನು ಬೇಕು?” ಎಂದಾಗ ಆತ ತಡವರಿಸುವುದಿಲ್ಲ. ಎಷ್ಟು ದಿನ ರಜೆ, ಯಾವ ಅಧಿಪತಿಗಳಿಗೆ ಪತ್ರ, ರಾಜನ ಕಾಡು ಕಾಯುವ ಆಸಾಫನ ಹತ್ತಿರ ಯಾವ ಯಾವ ಬಾಗಿಲಿಗೆ ತೊಲೆ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಯಾವ ಮರ ಎಲ್ಲಿ ಸಿಗುತ್ತದೆ ಎಂಬುದನ್ನೂ ವಿಚಾರಿಸಿ ಇಟ್ಟುಕೊಂಡಿದ್ದನೇನೋ. ನನ್ನ ಮಟ್ಟಿಗೆ ಆ ಪುಸ್ತಕ ಅಲ್ಲಿ ತೆರೆದುಕೊಂಡಿತು. ಆತ ಪ್ರಾರ್ಥನೆಯನ್ನೂ ಅಂದಾಜುಪಟ್ಟಿಯನ್ನೂ ಬೇರೆಬೇರೆ ಕೋಣೆಯಲ್ಲಿ ಇಟ್ಟಿರಲಿಲ್ಲ. ಮೊಣಕಾಲೂರಿದ ಜಾಗದಲ್ಲೇ ತೊಲೆಗಳನ್ನೂ ಎಣಿಸಿದ್ದ.

ಇನ್ನೊಂದು. ಆ ಮೊದಲ ಅಧ್ಯಾಯದ ಪ್ರಾರ್ಥನೆಯಲ್ಲಿ ಬೇಡಿಕೆ ಬರುವುದು ಕಟ್ಟಕಡೆಗೆ, ಒಂದೇ ಸಾಲಿನಲ್ಲಿ. ಅಲ್ಲಿಯವರೆಗೆ ದೇವರು ಯಾರು, ತಾನು ಯಾರು, ತಪ್ಪು ಯಾರದು ಎಂಬುದೇ. ತಪ್ಪಿನ ಮಾತು ಬಂದಾಗ ‘ನಮ್ಮ ಜನ ಹೀಗೆ ಮಾಡಿದರು’ ಎಂದು ಮುಗಿಸಬಹುದಿತ್ತು. ಶೂಷನ್ ಅರಮನೆಯಲ್ಲಿ ರಾಜನಿಗೆ ಪಾನಪಾತ್ರೆ ಹಿಡಿಯುವವನಿಗೂ, ನೂರಾರು ಹರದಾರಿ ದೂರದ ಬಿದ್ದ ಗೋಡೆಗೂ ಏನು ಸಂಬಂಧ? ಆದರೂ ನಾನೂ ನನ್ನ ತಂದೆಯ ಮನೆಯವರೂ ಪಾಪ ಮಾಡಿದ್ದೇವೆ ಎನ್ನುತ್ತಾನೆ.

ಅದನ್ನು ಓದಿ ಮೊರದಿಂದ ಒಂದು ಕಾಯಿ ಎತ್ತಿಕೊಂಡೆ. ಒಡೆಯಲಾಗಲಿಲ್ಲ. ನನ್ನ ತಂದೆಯ ಮನೆ ಎಂದ ಕೂಡಲೇ ಕಣ್ಣಮುಂದೆ ಬಂದದ್ದು ನಮ್ಮ ಹಿತ್ತಲು. ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲು.

ಆ ಕಲ್ಲು ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿತ್ತು. ಮರೆತಿರಲಿಲ್ಲ, ನೆನೆದಿರಲಿಲ್ಲ ಅಷ್ಟೇ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಸಮಾಧಿಯ ಗೋಡೆ ಮೂಲೆಯಲ್ಲಿ ಸ್ವಲ್ಪ ಕುಸಿದಿತ್ತು. ಅಪ್ಪ ಕಾಕಾನ ಚಕ್ಕಡಿಯಲ್ಲಿ ಅಲ್ಲಿಂದ ಒಂದು ಕಲ್ಲು ತಂದ. ಒಳ್ಳೆಯ ಚಪ್ಪಟೆ ಕಲ್ಲು, ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. “ಹೆಂಗೂ ಬಿದ್ದೈತಿ” ಅಂದಿದ್ದ. ಅವ್ವ ಅದರ ಮೇಲೆ ನಮ್ಮೆಲ್ಲರ ಅರಿವೆ ಒಗೆದಳು. ಅವ್ವನ ನಂತರ ನಾನು ಒಗೆದೆ. ಅವ್ವ ಹೋಗಿ ಸೇರಿದ್ದು ಆ ಕಲ್ಲು ಕಿತ್ತ ಗೋಡೆಯ ಒಳಗಡೆಗೇ. ನಲವತ್ತು ವರ್ಷದ ಸೋಪು, ನೀರು, ಹೊಡೆತಕ್ಕೆ ಆ ಕಲ್ಲಿನ ಮೇಲ್ಮೈ ಎಮ್ಮೆಯ ಕೊಂಬಿನ ಹಾಗೆ ನುಣುಪಾಗಿತ್ತು.

ದೊಡ್ಡವ್ವನಿಗೆ ಹೇಳಿದೆ. ಆಕೆ ಒಂದು ಕಾಯಿ ಒಡೆದು, “ಹ್ಞೂಂ” ಅಂದಳು.

*

ನಾನು ಇಷ್ಟು ವರ್ಷ ಕನ್ನಡ ಕಲಿಸಿದವಳು. ಗದಗಿನ ವೀರನಾರಾಯಣ ಗುಡಿಗೆ ಮಕ್ಕಳನ್ನು ಕರೆದೊಯ್ದು ಕಂಬ ತೋರಿಸಿ, ಇಲ್ಲಿಯೇ ಕುಮಾರವ್ಯಾಸ ಕೂತು ಬರೆದನಂತೆ ಎಂದು ಹೇಳಿದ್ದಕ್ಕೆ ಲೆಕ್ಕವಿಲ್ಲ. ಕೋನೇರಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ, ಮೈಮೇಲಿನ ಬಟ್ಟೆ ಆರುವವರೆಗೆ ಪದ್ಯ ಬರುತ್ತಿತ್ತಂತೆ, ಆರಿದ ಮೇಲೆ ನಿಲ್ಲುತ್ತಿತ್ತಂತೆ. ವೀರನಾರಾಯಣನೇ ಕವಿ, ತಾನು ಲಿಪಿಕಾರ ಮಾತ್ರ ಎಂದು ಆತನೇ ಹೇಳಿಕೊಂಡಿದ್ದಾನೆ. ಮಕ್ಕಳು ಯಾವಾಗಲೂ ಕೇಳುವ ಪ್ರಶ್ನೆ ಒಂದೇ: “ಟೀಚರ್, ಹಂಗಾದ್ರ ಆರದಂಗ ಮತ್ತ ಮತ್ತ ನೀರು ಹಾಕ್ಕೋಬೇಕಿತ್ತಿಲ್ಲೋ?” ನಾನು ನಕ್ಕು ಬಿಡುತ್ತಿದ್ದೆ. ಆ ಚಳಿಗಾಲ ಅದಕ್ಕೆ ಉತ್ತರ ಹೊಳೆಯಿತು. ಬಟ್ಟೆ ಆರಿತು ಎಂದರೆ ಏಳಬೇಕು. ನಾನು ಅಕ್ಟೋಬರಿನಲ್ಲಿ ಮಾಡಿದ್ದು ನೀರು ಹಾಕಿಕೊಳ್ಳದೇ ಬರೆಯಲು ಕೂತದ್ದು, ಎಬ್ಬಿಸಿದರೂ ಏಳದೇ ಬರೆದದ್ದು.

ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಗುರುವಾರ ತಪ್ಪಿಸಲಿಲ್ಲ. ದೊಡ್ಡ ದರ್ಶನ ಗಿರ್ಶನ ಏನೂ ಆಗಲಿಲ್ಲ. ಎಷ್ಟೋ ಗುರುವಾರ ನನಗೆ ಪ್ರಾರ್ಥನೆಯೇ ಬರಲಿಲ್ಲ, ಶೇಂಗಾ ಸುಲಿದು ಎದ್ದು ಬಂದೆ. ಉಗುರು ಸಂದಿ ನೋಯುತ್ತಿತ್ತು. ಆದರೆ ಒಂದೊಂದಾಗಿ ಕೆಲವು ಸಂಗತಿ ಕಾಣತೊಡಗಿದವು. ನೆಹೆಮೀಯ ಯೆರೂಸಲೇಮಿಗೆ ಬಂದ ಮೇಲೂ ಮೂರು ದಿನ ಸುಮ್ಮನಿದ್ದು, ರಾತ್ರಿ ಎದ್ದು, ಯಾರಿಗೂ ಹೇಳದೆ ಕೆಲವರನ್ನಷ್ಟೇ ಕರೆದುಕೊಂಡು ಗೋಡೆ ಸುತ್ತಿ ನೋಡಿದನಲ್ಲ, ಅದನ್ನು ಓದಿದ ವಾರ ನಾನೂ ದೊಡ್ಡವ್ವನ ಮೊಮ್ಮಗನೂ ಹೊತ್ತು ಮುಳುಗಿದ ಮೇಲೆ ಟೇಪು, ಬ್ಯಾಟರಿ ಹಿಡಿದು ಹೋದೆವು. ಬಿದ್ದದ್ದು 60 ಅಡಿ ನಿಜ. ನಿಂತಿದ್ದರಲ್ಲಿ ಇನ್ನೂ 36 ಅಡಿಯ ಹೊಟ್ಟೆ ಉಬ್ಬಿತ್ತು. ಆಚೆ ಬದಿಯ ಹೊಲದ ಒಡ್ಡಿನ ನೀರು ನೇರ ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತಿತ್ತು, ಹೋಗಲು ದಾರಿಯೇ ಇರಲಿಲ್ಲ. ಹಗಲು ಹತ್ತು ಸಲ ಹೋಗಿ ನಿಂತರೂ ಇದು ನನಗೆ ಕಂಡಿರಲಿಲ್ಲ. ಹಗಲು ಹೋದಾಗೆಲ್ಲ ಜೊತೆಗೆ ನಾಲ್ಕು ಜನ ಇರುತ್ತಿದ್ದರು, ನಾನು ಮಾತಾಡುತ್ತಿದ್ದೆ.

ಫೆಬ್ರುವರಿಯ ಮೊದಲ ರವಿವಾರ ಮತ್ತೆ ಎದ್ದು ನಿಂತೆ. ದೇವರು ಹೇಳಿದ ಎನ್ನಲಿಲ್ಲ. ಕಲ್ಲಿನ ಸಂಗತಿ ಹೇಳಿದೆ. ಅಪ್ಪ ತಂದದ್ದು, ಅವ್ವ ಒಗೆದದ್ದು, ನಾನು ಒಗೆಯುತ್ತಿರುವುದು. 38,000 ಹೋದದ್ದು ಗೌಂಡಿಯ ತಪ್ಪಿನಿಂದಲ್ಲ, ನನ್ನ ಅವಸರದಿಂದ ಎಂಬುದನ್ನೂ ಹೇಳಿದೆ. ಈ ಸಲ “ಸ್ತೋತ್ರ” ಯಾರೂ ಅನ್ನಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬರು ಕೆಮ್ಮಿದರು.

ಮರುದಿನ ಸಂಜೆ ಒಬ್ಬ ಹುಡುಗ ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದು ಕಲ್ಲು ಕಟ್ಟಿಕೊಂಡು ಬಂದು ಸಮಾಧಿಯ ಹತ್ತಿರ ಇಳಿಸಿಹೋದ. ಅವರ ಮನೆಯ ಮೆಟ್ಟಿಲಿನದು. ಆ ವಾರ ಇನ್ನೂ ಆರು ಬಂದವು. ಬೋರ್‌ವೆಲ್ಲಿನ ಬುಡದ್ದು, ದನ ಕಟ್ಟುವ ಗೂಟದ ಪಕ್ಕದ್ದು, ಸಭೆಗೆ ಸಂಬಂಧವೇ ಇರದ ಒಂದು ಮನೆಯ ತುಳಸಿಕಟ್ಟೆಯ ಮುಂದಿನದು. ಆ ಮನೆಯ ಯಜಮಾನರು, “ನಮ್ಮಜ್ಜ ತಂದಿದ್ನಂತ್ರಿ. ನಿಮ್ಮ ಸುದ್ದಿ ಕೇಳಿದ ಮ್ಯಾಲೆ ನಮ್ಮಾಕಿ ಅದರ ಮ್ಯಾಲೆ ರಂಗೋಲಿ ಹಾಕವಲ್ಲಳು” ಎಂದರು. ಎಲ್ಲ ಕಲ್ಲೂ ಬಂದವು ಎಂದುಕೊಳ್ಳಬೇಡಿ. ಎಲ್ಲೆಲ್ಲಿವೆ ಎಂದು ನನಗೆ ಗೊತ್ತಿರುವ ನಾಲ್ಕು ಇನ್ನೂ ಅಲ್ಲಲ್ಲೇ ಇವೆ. ದಾರಿಯಲ್ಲಿ ಹೋಗುವಾಗ ಆ ಕಡೆ ನೋಡದಿರಲು ಪ್ರಯತ್ನಿಸುತ್ತೇನೆ.

*

ದುಡ್ಡಿನ ಮಾತು. ನಾವು ಮುಲ್ಲರ್ ಸಾಹೇಬರ ಕಥೆ ಕೇಳಿ ಬೆಳೆದವರು. ಜರ್ಮನಿಯ ಕಡೆ ಹುಟ್ಟಿ ಇಂಗ್ಲೆಂಡಿಗೆ ಹೋಗಿ, 1836ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಅನಾಥ ಮಕ್ಕಳ ಮನೆ ತೆರೆದ ಜಾರ್ಜ್ ಮುಲ್ಲರ್. 1898ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಮನೆಗಳಲ್ಲಿ ಬೆಳೆದ ಮಕ್ಕಳು ಹತ್ತು ಸಾವಿರದಷ್ಟು. ಯಾವ ಮನುಷ್ಯನ ಹತ್ತಿರವೂ ದುಡ್ಡು ಕೇಳುವುದಿಲ್ಲ, ದೇವರನ್ನೊಬ್ಬನನ್ನೇ ಕೇಳುತ್ತೇನೆ ಎಂಬುದು ಅವರ ವ್ರತ. ಕಮಿಟಿಯಲ್ಲಿ ಒಬ್ಬರು ಇದನ್ನೇ ಎತ್ತಿದರು. “ನಂಬಿಕಿ ಇದ್ರ ಚೀಟಿ ಹಿಡಕೊಂಡು ಯಾಕ ತಿರಗತೀರಿ?”

ಆ ಕಥೆ ಹೇಳುವವರು ಒಂದನ್ನು ಬಿಡುತ್ತಾರೆ. ಬಂದ ಕಾಸುಕಾಸಿಗೂ ಮುಲ್ಲರ್ ಲೆಕ್ಕ ಇಟ್ಟಿದ್ದರು. ವರ್ಷವರ್ಷವೂ ವರದಿ ಅಚ್ಚು ಹಾಕಿಸುತ್ತಿದ್ದರು. ಮೊಣಕಾಲೂರಿದವರ ಕೈಯಲ್ಲಿ ಲೆಕ್ಕದ ಪುಸ್ತಕವೂ ಇತ್ತು.

ಕೇಳುವುದು ನಂಬಿಕೆಯ ಕೊರತೆ ಎಂಬುದನ್ನಂತೂ ಗದಗಿನವಳಾಗಿ ನಾನು ಒಪ್ಪಲಾರೆ. 1944ರಲ್ಲಿ ಪಂಚಾಕ್ಷರ ಗವಾಯಿಗಳು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದ ಭಾರ ಹೊತ್ತದ್ದು, 2010ರಲ್ಲಿ ಅವರು ತೀರಿಕೊಳ್ಳುವವರೆಗೂ ಅದನ್ನು ಇಳಿಸದೇ ಇದ್ದದ್ದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಗುರು ಕಣ್ಣಿಲ್ಲದವರು, ಶಿಷ್ಯರೂ ಕಣ್ಣಿಲ್ಲದವರು, ಸಾಕಬೇಕಾದ ಮಕ್ಕಳಲ್ಲೂ ಕಣ್ಣಿಲ್ಲದವರು. ಚಿಕ್ಕವಳಿದ್ದಾಗ ಪಕ್ಕದ ಊರಿನಲ್ಲಿ ಅವರ ತುಲಾಭಾರ ನೋಡಲು ಅಪ್ಪ ಕರೆದೊಯ್ದಿದ್ದ. ಒಂದು ತಟ್ಟೆಯಲ್ಲಿ ಗವಾಯಿಗಳು, ಇನ್ನೊಂದರಲ್ಲಿ ನಾಣ್ಯ. ಜನ ಸುರಿಯುತ್ತಿದ್ದರು, ನಾಣ್ಯದ ಸದ್ದು ಮಳೆ ಬಂದಂತೆ ಇತ್ತು. ಅವರು ಆ ಸದ್ದು ಕೇಳುತ್ತ ಸುಮ್ಮನೆ ಕೂತಿದ್ದರು. ಆ ತಕ್ಕಡಿಯಲ್ಲಿ ಕೂರುವುದು ಬೇಡುವುದಲ್ಲದೆ ಮತ್ತೇನು? ಗಂಟೆಗಟ್ಟಲೆ ಶಿವಪೂಜೆಗೆ ಕೂರುತ್ತಿದ್ದ ಮೈಯೇ ತಕ್ಕಡಿಯಲ್ಲೂ ಕೂರುತ್ತಿತ್ತು. ನನ್ನ ದೇವರನ್ನು ಕರೆಯುವ ಹೆಸರು ಬೇರೆ. ಆದರೂ ಕಮಿಟಿಯಲ್ಲಿ ಆ ಮಾತು ಬಂದಾಗ ನನಗೆ ನೆನಪಾದದ್ದು ಬ್ರಿಸ್ಟಲ್ ಅಲ್ಲ, ಆ ನಾಣ್ಯದ ಸದ್ದು.

ಚೀಟಿ ಹಿಡಿದು ತಿರುಗಿದೆ. ಚರ್ಚಿನ ಕಟ್ಟೆಯ ಮೇಲೆ ಶಾಲೆಯ ಹಳೆಯ ಕರಿಹಲಗೆ ತಂದಿಟ್ಟು ಬಂದದ್ದು, ಹೋದದ್ದು ಬರೆದೆ. ಎಲ್ಲಕ್ಕೂ ಮೇಲೆ ‘ಹಾಳಾದದ್ದು 38,000’ ಎಂದು ಬರೆದಿದ್ದೆ. ಅಯ್ಯನವರು ಅದನ್ನು ಒರೆಸಿಬಿಡಿ ಎಂದು ಮೂರು ಸಲ ಹೇಳಿದರು.

*

ಎರಡನೆಯ ಗೌಂಡಿಯನ್ನು ಹುಡುಕಲಿಲ್ಲ. ಮೊದಲಿನ ಚಾಚಾನನ್ನೇ ಮತ್ತೆ ಕರೆದೆ. ಆತ ಬಂದು ಹಾರೆ ಊರಿ, ನನ್ನ ಮುಖ ನೋಡಿ, “ಈಗರ ಪಾಯಾ ನೋಡೂಣೇನ್ರಿ ಅಕ್ಕಾರ?” ಅಂದ. ನೋಡೋಣ ಎಂದೆ. ಎರಡು ಅಡಿಯವರೆಗೆ ಬರೀ ಎರೆ. ಮೂರು ಅಡಿಗೂ ಎರೆ. ಕಲ್ಲುಗಳು ಕೂತಿದ್ದದ್ದು ಒಂದೂವರೆ ಅಡಿಯಲ್ಲಿ, ಮಣ್ಣಿನ ಗಾರೆಯ ಮೇಲೆ. ನಾಲ್ಕೂವರೆ ಅಡಿಗೆ ಹಾರೆಯ ತುದಿ ಖಣ್ ಎಂದಿತು. ಚಾಚಾ ಒಂದು ಹಿಡಿ ಮೇಲೆ ತಂದು ತೋರಿಸಿದ. ಕೆಂಪು ಬೆರೆತ ಗರಸು. “ಇದಕ್ಕ ನೀರು ಹತ್ತಿದ್ರ ಉಬ್ಬೂದಿಲ್ರಿ. ಇಲ್ಲಿಂದ ಎಬ್ಬಸೂಣು.” ಪಾಯದ ಸುತ್ತ ಎರೆಯ ಬದಲು ಗರಸನ್ನೇ ತುಂಬಿ ದಮ್ಮಸು ಹಾಕಿದ. ಗೋಡೆಯ ಬುಡದಲ್ಲಿ ಆರಾರು ಅಡಿಗೆ ಒಂದೊಂದು ತೂತು ಬಿಟ್ಟ, ಒಡ್ಡಿನ ನೀರು ಹರಿದು ಹೋಗಲಿ ಎಂದು. ಶುಕ್ರವಾರ ಮಧ್ಯಾಹ್ನ ಆತನಿಗೆ ನಮಾಜು, ರವಿವಾರ ನಮಗೆ ಆರಾಧನೆ. ವಾರಕ್ಕೆ ಐದೂವರೆ ದಿನವೇ ಕೆಲಸ. ಅದಕ್ಕೂ ಕಮಿಟಿಯಲ್ಲಿ ತಕರಾರು ಬಂತು.

ಹದ್ದುಬಸ್ತಿನ ಕಾಗದಕ್ಕೆ ಒಂದು ಕಚೇರಿಗೆ ಅಲೆದೆ. ಹೊಲದ ಗೌಡರಿಗೂ ನಮಗೂ ಗಡಿಯ ವಿಷಯದಲ್ಲಿ ಮೂರು ಅಡಿ ಮಾತಿತ್ತು. ಸಾಹೇಬರ ಮೇಜಿನ ಮುಂದೆ ನಿಂತಾಗ ನೆಹೆಮೀಯನ ಆ ಸಾಲು ನೆನಪಾಯಿತು. ರಾಜ ಕೇಳಿದ, ನಾನು ಪರಲೋಕದ ದೇವರಿಗೆ ಪ್ರಾರ್ಥಿಸಿದೆ, ಆಮೇಲೆ ರಾಜನಿಗೆ ಹೇಳಿದೆ ಎನ್ನುತ್ತಾನೆ. ಕೇಳಿದ್ದಕ್ಕೂ ಹೇಳಿದ್ದಕ್ಕೂ ನಡುವೆ ಎಷ್ಟು ಹೊತ್ತು? ಉಗುಳು ನುಂಗುವಷ್ಟು. ಅದೇ ಮನುಷ್ಯ, ಇಡೀ ಪಾರಸಿಯ ಚಕ್ರವರ್ತಿಯನ್ನು ತನ್ನ ಪ್ರಾರ್ಥನೆಯಲ್ಲಿ ‘ಈ ಮನುಷ್ಯ’ ಎಂದಿದ್ದ. ನಾನೂ ಒಳಗೊಳಗೆ “ಅಪ್ಪಾ, ಈ ಮನಷ್ಯಾನ ಮನಸು ಕರಗಸು” ಅಂದೆ. ಈ ಮನುಷ್ಯ ಕನ್ನಡಕ ಮೇಲೆತ್ತಿ, “ಸೋಮವಾರ ಬರ್ರಿ” ಅಂದರು. ನಾಲ್ಕು ಸೋಮವಾರ ಹೋದೆ. ಕಾಗದ ಸಿಗಲಿಲ್ಲ. ಐದನೆಯ ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಗೌಡರೇ ಸಿಕ್ಕರು. “ಎಲ್ಲಿಗೆ ಹೊಂಟೀರಿ?” ಹೇಳಿದೆ. ಚಹಾ ಕುಡಿಸಿ ಅಂದರು, “ಮೂರು ಅಡಿ ಸಮಾಧಿಗೆ ಬಿಟ್ರ ನನಗೇನು ಬೆಳಿ ಕಮ್ಮಿ ಆಗೂದಿಲ್ಲ. ಮೊದಲಽ ನನ್ನ ಕೇಳಬೇಕಿಲ್ಲೇನ್ರಿ?” ಅದು ನಿಜ. ದೇವರನ್ನು ಕೇಳಿದ್ದೆ, ಸರಕಾರವನ್ನು ಕೇಳಿದ್ದೆ, ಬೇಲಿಯಾಚೆಯವರನ್ನು ಕೇಳಿರಲಿಲ್ಲ.

ಕೆಲಸಕ್ಕೆ ಬಂದವರ ಪಟ್ಟಿಯನ್ನು ನೆಹೆಮೀಯ ಒಂದು ಇಡೀ ಅಧ್ಯಾಯ ಬರೆದಿಟ್ಟಿದ್ದಾನೆ. ಪ್ರಸಂಗಗಳಲ್ಲಿ ಅದನ್ನು ಯಾರೂ ಓದುವುದಿಲ್ಲ, ಬರೀ ಹೆಸರು ಎಂದು. ಅಕ್ಕಸಾಲಿಗ ಇದ್ದಾನೆ, ಸುಗಂಧ ದ್ರವ್ಯ ಮಾಡುವವನಿದ್ದಾನೆ, ಶಲ್ಲೂಮನೂ ಅವನ ಹೆಣ್ಣುಮಕ್ಕಳೂ ಇದ್ದಾರೆ. ತೆಕೋವದ ಊರಿನವರು ಬಂದರು, ಅವರ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲ ಎಂಬುದನ್ನೂ ಬಿಡದೆ ಬರೆದಿದ್ದಾನೆ ಪುಣ್ಯಾತ್ಮ. ನಮ್ಮ ಗೋಡೆಗೆ ಬುಟ್ಟಿ ಹೊತ್ತವರಲ್ಲಿ ಒಬ್ಬ ಆಟೋದವ, ಖಾನಾವಳಿ ನಡೆಸುವ ಅಕ್ಕ, ಬೆಟಗೇರಿಯಲ್ಲಿ ಮಗ್ಗ ಹೊಡೆಯುವ ನನ್ನ ಕಾಕಾನ ಮಗ, ಪಿಯುಸಿ ಪರೀಕ್ಷೆ ಮುಗಿಸಿದ ಇಬ್ಬರು ಹುಡುಗಿಯರು. ತೆಕೋವದ ಶ್ರೀಮಂತರೂ ನಮ್ಮಲ್ಲಿ ಇದ್ದರು. ಅದರಲ್ಲೊಬ್ಬರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು, “ಇದೂ ಕುಂದರತೈತಿ ನೋಡ್ರಿ” ಎಂದು ದಿನವೂ ಹೇಳುತ್ತಿದ್ದರು. ನೆಹೆಮೀಯನ ಕೆಲಸವನ್ನು ಗೇಲಿ ಮಾಡಿದ ಟೋಬೀಯನಾದರೂ ಒಂದೇ ಸಲ ಹೇಳಿದ, ನರಿ ಹತ್ತಿದರೂ ಇವರ ಕಲ್ಲಿನ ಗೋಡೆ ಬಿದ್ದುಹೋದೀತು ಎಂದು.

ಒಂದು ಗುರುವಾರ ಆ ಕುರ್ಚಿಯವರ ಮೇಲೆ ಹೆಸರು ಹಿಡಿದು ಪ್ರಾರ್ಥನೆ ಮಾಡಿದೆ. ಬಾಯಿಬಿಟ್ಟೇ. ಬೈಗುಳವೇ ಅದು, ಕೊನೆಗೆ ಆಮೆನ್ ಇತ್ತು ಅಷ್ಟೇ. ಜೊತೆಗಿದ್ದ ಹೆಂಗಸರು ತಲೆ ತಗ್ಗಿಸಿದರು. ದೊಡ್ಡವ್ವ ಮಾತ್ರ, “ಹೇಳಿದೆಲ್ಲ, ಇನ್ನ ಹೋಗಿ ಗ್ವಾಡಿ ಕಟ್ಟು” ಅಂದಳು. ಮನೆಗೆ ಬಂದು ನೋಡಿದೆ. ನಾಲ್ಕನೆಯ ಅಧ್ಯಾಯದಲ್ಲಿ ನೆಹೆಮೀಯನೂ ಗೇಲಿ ಮಾಡಿದವರ ಮೇಲೆ ಹೀಗೇ ದೇವರ ಮುಂದೆ ಕಾರಿಕೊಂಡಿದ್ದಾನೆ. ಮುಂದಿನ ಸಾಲೇ, ನಾವು ಗೋಡೆಯನ್ನು ಕಟ್ಟಿದೆವು ಎಂದು. ಅಲ್ಲಿ ಟೋಬೀಯನಿಗೆ ಒಂದು ಉತ್ತರವನ್ನೂ ಕೊಟ್ಟಿಲ್ಲ. ನಾನು ಅಷ್ಟು ಒಳ್ಳೆಯವಳಲ್ಲ, ಮರುದಿನ ಕುರ್ಚಿಯವರಿಗೆ ಎರಡು ಮಾತು ಕೊಟ್ಟೆ.

ಈಸ್ಟರ್‌ಗೆ ಮುಗಿಯಲಿ ಎಂಬುದು ನಮ್ಮೆಲ್ಲರ ಪ್ರಾರ್ಥನೆಯಾಗಿತ್ತು. ಪುನರುತ್ಥಾನದ ಹಬ್ಬದ ದಿನ ಬೆಳಕು ಹರಿಯುವ ಮೊದಲು ಸಮಾಧಿಗಳ ನಡುವೆ ಮೇಣದಬತ್ತಿ ಹಚ್ಚಿ ಆರಾಧನೆ ಮಾಡುವುದು ನಮ್ಮ ರೂಢಿ. ಮುಗಿಯಲಿಲ್ಲ. 18 ಅಡಿ ಉಳಿದಿತ್ತು. ಸಿಮೆಂಟಿಗೆ ದುಡ್ಡು ಸಾಲದೆ ಒಂಬತ್ತು ದಿನ ಕೆಲಸ ನಿಂತಿತ್ತು. ಪಾಲಿಸಬೇಕಾದ ಯಾವ ಮಾತೂ ದೇವರು ನಮಗೆ ಕೊಟ್ಟಿರಲಿಲ್ಲ, ತಾರೀಖು ಹಾಕಿಕೊಂಡವರು ನಾವು. ಆ ಬೆಳಗಿನ ಜಾವ ಗಾಳಿ ಆ 18 ಅಡಿಯ ಬಾಯಿಯಿಂದಲೇ ಬಂದು ಬತ್ತಿ ಆರಿಸುತ್ತಿತ್ತು. ಮಕ್ಕಳು ಮತ್ತೆ ಮತ್ತೆ ಹಚ್ಚಿದರು. ಸೂರ್ಯನೂ ಸರಿಯಾಗಿ ಅಲ್ಲಿಂದಲೇ ಎದ್ದ. ಅಯ್ಯನವರು ಅದರ ಮೇಲೆ ಏನೋ ಚೆಂದದ ಮಾತು ಹೇಳಿದರು. ನನಗೆ ಸಿಮೆಂಟಿನ ಚಿಂತೆ, ಕಿವಿಗೆ ಬೀಳಲಿಲ್ಲ.

ಮುಗಿದದ್ದು ಮೇ ಕೊನೆಯ ವಾರ, ಮಿರಗದ ಮಳೆ ಬೀಳುವ ಹತ್ತು ದಿನ ಮೊದಲು. ನಡುವೆ ನಿಂತದ್ದನ್ನೆಲ್ಲ ಸೇರಿಸಿದರೆ 97 ದಿನ. ಖರ್ಚು 1,64,300 ರೂಪಾಯಿ, ಹಾಳಾದ 38,000 ಬಿಟ್ಟು. ನಮ್ಮ ಮನೆಯ ಕಲ್ಲನ್ನು ಕಡೆಯವರೆಗೂ ಹಿತ್ತಲಲ್ಲೇ ಇಟ್ಟುಕೊಂಡಿದ್ದೆ. ಬಿಡಲು ಮನಸ್ಸಿರಲಿಲ್ಲ ಎಂಬುದೇ ಖರೆ. ಅದರ ಮೇಲೆ ಅವ್ವನ ಕೈ ಇತ್ತು. ಕಡೆಯ ಸೋಮವಾರ ಕಾಕಾನ ಮಗ ಮತ್ತು ಆಟೋದವ ಎತ್ತಿ ತಂದರು.

ಚಾಚಾ ಅದರ ಮೇಲೆ ಅಂಗೈ ಆಡಿಸಿದ. “ಈ ಮುಖಕ್ಕ ಗಚ್ಚು ಹಿಡಿಯೂದಿಲ್ರಿ ಅಕ್ಕಾರ, ಭಾಳ ನುಣ್ಣಗೈತಿ. ಒಳಗ ಮಾಡಲೋ, ಹೊರಗ ಮಾಡಲೋ?”

ಒಳಗೆ ಎಂದರೆ ಅವ್ವನ ಸಮಾಧಿಯ ಕಡೆ. ನಾನು ಬಹಳ ಹೊತ್ತು ಏನೂ ಹೇಳಲಿಲ್ಲ. ಆತ ಕರಣಿ ಹಿಡಿದು ಕಾದ. “ಹೊರಗ ಮಾಡ್ರಿ” ಅಂದೆ. ಯಾಕೆ ಹಾಗೆಂದೆ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ. ಆತ ಸೊಂಟದ ಮಟ್ಟಕ್ಕೆ, ದಾರಿಯ ಕಡೆ ಮುಖ ಮಾಡಿ ಕೂರಿಸಿದ.

ಮಳೆಗಾಲ ಕಳೆಯಿತು. ಗೋಡೆ ಕೂತಿಲ್ಲ. ತೂತುಗಳಿಂದ ಕೆಂಪು ನೀರು ಚೆನ್ನಾಗಿ ಹರಿಯುತ್ತದೆ. ನಾನೀಗ ಅರಿವೆ ಒಗೆಯುವುದು ಸಿಮೆಂಟಿನ ಕಟ್ಟೆಯ ಮೇಲೆ, ಅದು ಸೀರೆಯ ಅಂಚು ಹರಿಯುತ್ತದೆ.

ಹೋದ ವಾರ ಸಂಜೆ ಸಮಾಧಿಯ ಕಡೆ ಹೋಗಿದ್ದೆ. ಗೋಡೆಯ ಹೊರಗೆ ಹತ್ತಿಪ್ಪತ್ತು ಕುರಿ ಮೇಯುತ್ತಿದ್ದವು. ಕುರಿ ಕಾಯುವ ಹುಡುಗ, ಹನ್ನೆರಡು ಹದಿಮೂರು ವರ್ಷದವನು, ಬಾಟಲಿಯಿಂದ ನೀರು ಚಿಮುಕಿಸಿಕೊಂಡು ಆ ಕಲ್ಲಿಗೆ ಕುಡಗೋಲು ಮಸೆಯುತ್ತಿದ್ದ. ಸರ್ ಸರ್ ಎಂದು ಒಳ್ಳೆಯ ಸದ್ದು ಬರುತ್ತಿತ್ತು. ಬಹಳ ದಿನದಿಂದ ಮಸೆಯುತ್ತಿದ್ದಾನೆಂದು ಕಾಣುತ್ತದೆ, ಕಲ್ಲಿನ ನಡುವೆ ಸಣ್ಣಗೆ ಕುಳಿ ಬಿದ್ದಿತ್ತು.

“ಏ ತಮ್ಮಾ, ಏನ್ ಮಾಡಾಕತ್ತೀ?” ಎಂದೆ, ಶಾಲೆಯ ದನಿಯಲ್ಲಿ.

ಅವನು ಕುಡಗೋಲು ನಿಲ್ಲಿಸಿ ನನ್ನನ್ನೂ ಕಲ್ಲನ್ನೂ ನೋಡಿದ.

“ಯಾಕ್ರೀ ಅಮ್ಮಾರ,” ಅಂದ, “ಈ ಕಲ್ಲು ನಿಮ್ದೇನ್ರಿ?”